ಕಸದ ಡ್ರಮ್ಮಿಗೆ ಬಿದ್ದ ನೈಟ್ರೊ

ಕೀಚ್.

ಹಾಸಿಗೆಯಲ್ಲಿದ್ದವಳು ಕಣ್ಣು ತೆರೆಯದೆಯೇ ಕಿವಿ ನಿಮಿರಿಸಿದಳು. ಮನೆಯ ಒಂದೊಂದು ಸದ್ದಿಗೂ ಒಂದು ಕಾರಣ ಸಿಗುವವರೆಗೆ ನಿದ್ದೆ ಹತ್ತದ ಜೀವ ಅದು. ಹಗಲೆಲ್ಲ ಕ್ಲಿನಿಕ್ಕಿನಲ್ಲಿ ಜನರ ಕಿವಿ ಪರೀಕ್ಷೆ ಮಾಡುತ್ತ, "ಕೇಳಿಸಿದ್ರೆ ಬೆರಳು ಎತ್ತಿ" ಎಂದು ಹೇಳಿ ಹೇಳಿ, ರಾತ್ರಿ ತಾನೇ ಬೆರಳು ಎತ್ತಲು ಸಿದ್ಧಳಾಗಿ ಮಲಗಿರುತ್ತಿದ್ದಳು.

ಕೀಚ್. ಕೆಳಗಿನ ಅಂಗಳದಿಂದ.

ಪಿಸ್ಟನ್ನಿನ ಸದ್ದು. ಎಂಜಿನ್ನಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದಾಗ ಪಿಸ್ಟನ್ ಸಿಲಿಂಡರಿನ ತುದಿಗೆ ಹೋಗಿ ಬಿಗಿಯಾಗಿ ಕಚ್ಚಿಕೊಂಡು ಹೀಗೆ ಕೀಚಲಿಡುತ್ತದೆ. ಸತ್ತ ಎಂಜಿನ್ನಿಗೆ ಆ ಸ್ವರ ಇರುವುದಿಲ್ಲ. ಆದರೆ ಆ ಎಂಜಿನ್ ಇದ್ದ ಪುಟ್ಟ ರಿಮೋಟ್ ಕಾರನ್ನು ಅವಳು ಬೆಳಿಗ್ಗೆ ತನ್ನ ಕೈಯಾರೆ ಕಸದ ಡ್ರಮ್ಮಿಗೆ ಎಸೆದು ಬಂದಿದ್ದಳು.

ಕಿಟಕಿಯಿಂದ ಬಗ್ಗಿ ನೋಡಿದಳು. ಮೆಟ್ಟಿಲ ಮೇಲೆ ಟೇಬಲ್ ಲ್ಯಾಂಪ್ ಇಟ್ಟುಕೊಂಡು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೆಳಗಿನ ಮನೆಯ ಬಾಡಿಗೆಯವನು ಕೂತಿದ್ದ. ತೊಡೆಯ ಮೇಲೆ ಅವಳ ಕೆಂಪು ಕಾರು.

ಹಲ್ಲುಸೆಟ್. ಅವಳು ಅವನಿಗೆ ಇಟ್ಟ ಹೆಸರು. ಲ್ಯಾಬಿನಲ್ಲಿ ಕೂತು ಮುದುಕರಿಗೆ ಕೃತಕ ಹಲ್ಲು ಮಾಡುವುದು ಅವನ ಕೆಲಸ. ಅಷ್ಟು ತಿರಸ್ಕಾರಕ್ಕೆ ಯೋಗ್ಯನಾದ ಗಂಡಸನ್ನು ಅವಳು ಹತ್ತಿರದಿಂದ ನೋಡಿದ್ದೇ ಇಲ್ಲ. ಕುತ್ತಿಗೆಯವರೆಗೂ ಗುಂಡಿ ಹಾಕುತ್ತಿದ್ದ. ಚಪ್ಪಲಿಯನ್ನು ಗೋಡೆಗೆ ಸಮನಾಗಿ ಜೋಡಿಸುತ್ತಿದ್ದ. ಜಗಳ ಆಡುವ ಮುಂಚೆ "ದಯವಿಟ್ಟು" ಅನ್ನುತ್ತಿದ್ದ. ಪ್ರತಿ ಭಾನುವಾರ ಅವಳು ಅಂಗಳದಲ್ಲಿ ಕಾರಿನ ಟ್ಯೂನಿಂಗ್ ಮಾಡುವಾಗ ತಪ್ಪದೆ ಹಾಜರ್: "ದಯವಿಟ್ಟು ಆ ಸದ್ದು ನಿಲ್ಲಿಸ್ತೀರಾ? ಕಿವಿ ನೋಡೋರೇ ಊರ ಕಿವಿ ಕೆಡಿಸಿದ್ರೆ ಹೇಗೆ?"

ಅದು ಬ್ಯಾಟರಿಯ ಆಟಿಕೆಯಲ್ಲ. ಮೊಳದುದ್ದದ ಮೈ, ಒಳಗೆ ನೈಟ್ರೊ ಇಂಧನ ಕುಡಿದು ಹೊಗೆ ಉಗುಳುವ ನಿಜವಾದ ಎಂಜಿನ್. ಅದನ್ನು ಓಡಿಸುವ ಕ್ಲಬ್ಬಿನಲ್ಲಿ ಅವಳೊಬ್ಬಳೇ ಹೆಂಗಸು. ಬರುವ ಪಂದ್ಯದ ತಂಡಕ್ಕೆ ಅವಳ ಹೆಸರು ಇತ್ತು. ಟೈರ್ ಅಂಗಡಿ ಇಟ್ಟಿದ್ದ ಕ್ಯಾಪ್ಟನ್, ಅವಳು ಎಲ್ಲಿ ಎಡವುತ್ತಾಳೋ ಎಂದು ಹದ್ದಿನ ಹಾಗೆ ಕಾಯುತ್ತಿದ್ದ.

ಹೋದ ಭಾನುವಾರ ಅವಳು ಕಾರನ್ನು ಚಾಲೂ ಇಟ್ಟು, ರಿಮೋಟನ್ನು ಮೆಟ್ಟಿಲ ಮೇಲಿಟ್ಟು, ಸ್ಕ್ರೂಡ್ರೈವರ್ ತರಲು ಒಳಗೆ ಹೋದಳು. ಹಲ್ಲುಸೆಟ್ ಬಂದ. ಯಾರೂ ಕಾಣಲಿಲ್ಲ. ರಿಮೋಟ್ ಎತ್ತಿ, ಟಿವಿ ಆರಿಸುವ ಹಾಗೆ, ಸ್ವಿಚ್ ಆಫ್ ಮಾಡಿದ.

ರಿಮೋಟ್ ಸತ್ತರೆ ನೈಟ್ರೊ ನಿಲ್ಲುವುದಿಲ್ಲ. ಹೇಳುವವರು ಕೇಳುವವರು ಇಲ್ಲದ ಹಾಗೆ ಓಡುತ್ತದೆ. ಕೆಂಪು ಕಾರು ಒಂದೇ ಉಸಿರಿಗೆ ಅಂಗಳ ದಾಟಿ ಕಾಂಪೌಂಡಿನ ಕಲ್ಲಿಗೆ ಗುದ್ದಿತು.

"ಗೋಡೆಗೆ ಗುದ್ದಿದಳಂತೆ" ಎಂದು ಸುದ್ದಿ ಕ್ಲಬ್ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಉತ್ತರವನ್ನು ಅವಳು ಕೂಡಿಟ್ಟುಕೊಂಡಳು. ಬರುವ ಭಾನುವಾರ ಎಲ್ಲರೂ ಸೇರಿದಾಗ ಹಲ್ಲುಸೆಟ್ಟಿನ ನಡಿಗೆ, ದನಿ, ಆ "ದಯವಿಟ್ಟು" ಎಲ್ಲವನ್ನೂ ಅಣಕಿಸಿ ತೋರಿಸಬೇಕು ಎಂದು ಕನ್ನಡಿಯ ಮುಂದೆ ನಿಂತು ತಾಲೀಮು ಮಾಡಿದ್ದಳು.

ಈಗ ಶಾಲು ಹೊದ್ದು ಕೆಳಗಿಳಿದಳು.

"ಕಳ್ಳತನಾನಾ?"

ಅವನು ಬೆಚ್ಚಿದ. ಭೂತಗನ್ನಡಿಯ ಹಿಂದೆ ಒಂದು ಕಣ್ಣು ಗೋಲಿಯಷ್ಟು ದೊಡ್ಡದಾಗಿ ಅವಳನ್ನು ನೋಡಿತು. "ಕಸದಲ್ಲಿದ್ದದ್ದನ್ನ ತಗೊಂಡ್ರೆ ಕಳ್ಳತನ ಹೇಗಾಗತ್ತೆ?"

"ಎಣ್ಣೆ ಹಾಕ್ದೆ ತಿರುಗಿಸ್ತಿದ್ದೀರಲ್ಲ, ಅಷ್ಟೂ ಗೊತ್ತಿಲ್ವಾ?"

"ಹಲ್ಲಿಗೆ ಎಣ್ಣೆ ಹಾಕಲ್ಲ ನಾವು."

ಅವಳು ನಗಲಿಲ್ಲ. ನಗಬಾರದೆಂದು ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡಳು.

"ನೋಡಿ, ಇದರ ತಳದ ಹಲಗೆ ಬಗ್ಗಿದೆ. ಮುಂದಿನ ಚಕ್ರ ಹಿಡಿಯೋ ತೋಳು ಮುರಿದಿದೆ. ಈ ಮಾಡೆಲ್ ಈಗ ತಯಾರಾಗ್ತಿಲ್ಲ, ಬಿಡಿಭಾಗ ಎಲ್ಲೂ ಸಿಗಲ್ಲ. ಸೊಂಟ ಮುರಿದದ್ದನ್ನ ಯಾಕೆ ತೊಡೆ ಮೇಲೆ ಮಲಗಿಸ್ಕೊಂಡಿದ್ದೀರಿ?"

"ನಾನು ಮುರಿದದ್ದು, ಅದಕ್ಕೆ."

"ಅದಕ್ಕೇ ಬೇಡ ಅನ್ನೋದು. ನೀವು ರಿಪೇರಿ ಮಾಡಿದ್ರೆ ಓಡಿಸುವಾಗೆಲ್ಲ ನಿಮ್ಮ ಮುಖ ನೆನಪಾಗತ್ತೆ."

"ಅಷ್ಟು ಕೆಟ್ಟದಾಗಿದೆಯಾ?"

ಲ್ಯಾಂಪಿನ ಬೆಳಕಿನಲ್ಲಿ ಅವಳು ಆ ಮುಖವನ್ನು, ದೂರು ಬರೆಯುವವರ ಎಚ್ಚರದಿಂದ, ಮೇಲಿನಿಂದ ಕೆಳಗೆ ನೋಡಿದಳು. ಹುಬ್ಬಿಗೆ ಅಂಟಿದ, ಹಲ್ಲಚ್ಚಿನ ಪ್ಲಾಸ್ಟರಿನ ಬಿಳಿ ಪುಡಿ. ಮೊದಲ ಸಲ ಮೇಲಿನ ಗುಂಡಿ ಬಿಚ್ಚಿದ ಶರ್ಟು. ದೂರಿಗೆ ಏನೂ ಸಿಗಲಿಲ್ಲ. ಅದರಿಂದ ಇನ್ನೂ ಸಿಟ್ಟು ಬಂತು.

"ಭಾನುವಾರ ಕ್ಲಬ್ಬಲ್ಲಿ ಎಲ್ಲರ ಮುಂದೆ ಹೇಳ್ತೀನಿ. ಟಿವಿ ಥರ ಆಫ್ ಮಾಡಿದ ಮಹಾಶಯ ಇವರೇ ಅಂತ."

"ಹೇಳಿ. ನಾನೂ ಬರ್ತೀನಿ, ತೋರಿಸೋಕೆ ಸುಲಭ ಆಗತ್ತೆ."

"ನಾಚಿಕೆ ಆಗಲ್ವಾ ನಿಮಗೆ?"

"ಆಗತ್ತೆ." ಅವನು ಭೂತಗನ್ನಡಿ ತೆಗೆದ. "ದಿನವಿಡೀ ಡ್ರಿಲ್ ಸದ್ದಲ್ಲಿ ಕೂತಿರ್ತೀನಿ. ಭಾನುವಾರ ಒಂದು ದಿನ ನೆಮ್ಮದಿ ಅಂದ್ಕೊಂಡ್ರೆ ನಿಮ್ಮ ಗಾಡಿ. ಮೊದಲ ಸಲ ನಿಜವಾಗ್ಲೂ ಜಗಳಕ್ಕೇ ಬಂದೆ."

"ಆಮೇಲೆ?"

"ಆಮೇಲೆ ನೀವು ಬೈಯೋದು ಕೇಳೋಕೆ ಬಂದೆ. ಮೊನ್ನೆ ಭಾನುವಾರ ನೀವು ಅಂಗಳದಲ್ಲಿ ಇರಲಿಲ್ಲ. ಸದ್ದು ನಿಂತ್ರೆ ಹೊರಗೆ ಬರ್ತೀರಿ ಅಂತ ಸ್ವಿಚ್ ಒತ್ತಿದೆ."

ಬೈಯಲೆಂದೇ ಬಾಯಿ ತೆರೆದಳು. ಬದಲಿಗೆ, ಇಷ್ಟು ದಿನ ತನ್ನೊಳಗೇ ಅದುಮಿಟ್ಟಿದ್ದ ಮಾತು ಹೊರಬಿತ್ತು.

"ರಿಮೋಟ್ ಆಫ್ ಆದ್ರೆ ತಾನಾಗೇ ಬ್ರೇಕ್ ಹಾಕೋ ಸೆಟ್ಟಿಂಗ್ ಒಂದಿದೆ. ಕಾರಿನೊಳಗೆ ಸಿಗ್ನಲ್ ಹಿಡಿಯೋ ಹೊಸ ರಿಸೀವರ್ ಹಾಕಿದ ಮೇಲೆ ನಾನು ಅದನ್ನ ಸೆಟ್ ಮಾಡಿರ್ಲಿಲ್ಲ. ಗ್ಯಾಸ್ ಒಲೆ ಆರಿಸಿದೀನಾ ಅಂತ ಅರ್ಧ ದಾರಿಯಿಂದ ವಾಪಸ್ ಬರೋಳು ನಾನು. ಇದೊಂದನ್ನ ಮರೆತೆ."

"ಹಾಗಾದ್ರೆ ಅರ್ಧ ನಿಮ್ಮ ತಪ್ಪು."

"ಕಾಲು ಭಾಗ."

"ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ ಹಾಗಾಯ್ತಲ್ಲ ನನ್ನ ಕಥೆ."

"ಯಾರು ಎಮ್ಮೆ?" ಎಂದವಳು ಅವನ ಪಕ್ಕದ ಮೆಟ್ಟಿಲಲ್ಲಿ ಕೂತು, ಕಾರನ್ನು ಅವನ ತೊಡೆಯಿಂದ ಎಳೆದುಕೊಂಡಳು. ಚಕ್ರ ತಿರುಗಿಸಿದಳು. ಕೀಚ್. ಬಿಗಿ ಚೆನ್ನಾಗಿಯೇ ಇತ್ತು. "ಎಂಜಿನ್ ಉಳಿದಿದೆ. ಆದ್ರೆ ಆ ತೋಳು ಎಲ್ಲಿಂದ ತರ್ತೀರಿ?"

"ಮೇಣದಲ್ಲಿ ಅಚ್ಚು ತೆಗೆದು ಎರಕ ಹೊಯ್ತೀನಿ. ಹಲ್ಲುಸೆಟ್ಟಿನ ಚೌಕಟ್ಟಿಗೆ ಹಾಕೋ ಲೋಹ. ಕಬ್ಬಿನ ಜಲ್ಲೆ ಕಡಿದ್ರೂ ಬಗ್ಗಲ್ಲ."

"ಕಾರಿಗೆ ಹಲ್ಲು ಕಟ್ಟಿಸ್ತೀರಾ?"

"ನೀವು ಒಪ್ಪಿದ್ರೆ."

ರಿಪೇರಿ ಮಾಡಬೇಕೋ ಬಿಡಬೇಕೋ ಎಂದು ಅವನು ಕೇಳುತ್ತಿದ್ದದ್ದು ಕಾರಿನ ಬಗ್ಗೆ ಮಾತ್ರವಲ್ಲ ಎಂದು ಅವಳಿಗೆ ತಿಳಿಯಿತು. "ನೋಡೋಣ" ಎಂದಳು. ಅವಳ ಬಾಯಿಂದ ಅಷ್ಟು ಬರುವುದೇ ಹೆಚ್ಚು.

ಆ ವಾರದ ಉಳಿದ ಸಂಜೆಗಳೆಲ್ಲ ಮೆಟ್ಟಿಲ ಮೇಲೆ ಕಳೆದವು. ಬಗ್ಗಿದ ಹಲಗೆಯನ್ನು ಅವಳು ತಟ್ಟಿ ತಟ್ಟಿ ನೇರ ಮಾಡಿದಳು. ಅವನು ತಂದ ತೋಳು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ. ಓಡೋ ಗಾಡಿಗೆ ಪಾಲಿಶ್ ಯಾಕೆ?" ಎಂದು ಅವಳು ಮೂಗು ಮುರಿದಳು. "ಅಭ್ಯಾಸಬಲ" ಎಂದ ಅವನು. ಸ್ಕ್ರೂ ಕೊಡುವಾಗ ಬೆರಳುಗಳು ತಗುಲಿದರೆ ಇಬ್ಬರೂ ಸ್ಕ್ರೂವನ್ನೇ ನೋಡುತ್ತಿದ್ದರು. ಮನೆಯ ಯಜಮಾನಿ, ಅವಳ ಚಿಕ್ಕಮ್ಮ, ಮೇಲಿನಿಂದ ಕೂಗುತ್ತಿದ್ದಳು: "ಆ ಗಾಡಿ ಹಾಳಾಯ್ತು, ಪೀಡೆ ತೊಲಗಿತು ಅಂದ್ಕೊಂಡ್ರೆ ಈಗ ಎರಡು ಹುಚ್ಚು ಸೇರ್ಕೊಂಡ್ವಲ್ಲೇ."

ಭಾನುವಾರ, ಗೋದಾಮುಗಳ ಹಿಂದಿನ ಮಣ್ಣಿನ ಟ್ರ್ಯಾಕು. ಇಂಧನದ ಡಬ್ಬ ಹೊತ್ತು ಹಲ್ಲುಸೆಟ್ ಅವಳ ಹಿಂದೆಯೇ ಬಂದ. ಕಾರು ಓಡಿತು, ಹೊಸ ತೋಳಿನ ಭಾರಕ್ಕೆ ಎಡಕ್ಕೆ ಒಂದಿಷ್ಟು ಎಳೆಯುತ್ತಿದ್ದರೂ, ಓಡಿತು.

ಕ್ಯಾಪ್ಟನ್ ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಹತ್ತಿರ ಬಂದ. ಅವನ ಹಿಂದೆ ಇಡೀ ಕ್ಲಬ್ಬು.

"ಏನಮ್ಮ, ಗೋಡೆ ತಾನಾಗೇ ಅಡ್ಡ ಬಂತಾ? ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಳಂತೆ. ಕೈ ನಡುಗೋರಿಗೆ ನೈಟ್ರೊ ಅಲ್ಲ ಅಂತ ನಾನು ಹೇಳಿದ್ದೆ. ಸರಿ, ಏನಾಯ್ತು ಹೇಳು. ತಂಡದಲ್ಲಿ ಇಟ್ಕೊಳ್ಳೋದಾ ಬೇಡ್ವಾ ಅಂತ ಇವತ್ತೇ ತೀರ್ಮಾನ."

ಅವಳ ಬಾಯಲ್ಲಿ ಕಥೆ ಸಿದ್ಧವಾಗಿತ್ತು. ಒಂದು "ದಯವಿಟ್ಟು" ಸಾಕಾಗಿತ್ತು, ಈ ಜನ ಹೊಟ್ಟೆ ಹಿಡಿದು ನಗಲು. ಅವಳ ಜಾಗ ಅವಳಿಗೇ ಉಳಿಯುತ್ತಿತ್ತು.

ಪಕ್ಕದಲ್ಲಿ ಹಲ್ಲುಸೆಟ್ ಗಂಟಲು ಸರಿಮಾಡಿಕೊಂಡ. "ದಯವಿಟ್ಟು, ನಾನು ಸ್ವಲ್ಪ..."

ಅವಳು ಅವನ ಪಾದವನ್ನು ಬಲವಾಗಿ ತುಳಿದಳು.

"ಸುಮ್ನಿರು," ಎಂದಳು ಮೆಲ್ಲಗೆ. ಅವನಿಗೆ ಅವಳು ಏಕವಚನ ಬಳಸಿದ್ದು ಅದೇ ಮೊದಲು. ಅವನ ಕಿವಿ ಕೆಂಪಾಯಿತು.

ಕ್ಯಾಪ್ಟನ್ನಿನ ಕಡೆ ತಿರುಗಿದಳು. "ಕೈ ತಪ್ಪಿತು."

"ಅಷ್ಟೇನಾ?"

"ಅಷ್ಟೇ."

"ಹಾಗಾದ್ರೆ ಬೇರೆಯವರನ್ನ ಹಾಕ್ಕೋತೀನಿ."

"ಹಾಕ್ಕೊಳ್ಳಿ."

ಯಾರೋ ನಕ್ಕರು, ಇನ್ಯಾರೋ "ಹೆಂಗಸರ ಕೈ" ಎಂದರು. ಟೈರಿನ ಗಾಳಿ ಒತ್ತಿ ನೋಡುವುದಕ್ಕಿಂತ ಹೆಚ್ಚಿನದೇನೂ ಅರಿಯದ ಜನ. ಅವರ ಎದುರಿಗೆ ಇವನನ್ನು ಹರಡಿ ಇಡುವುದೆಂದರೆ ಅವಳಿಗೆ ಅಸಹ್ಯವಾಯಿತು. ಅವನ ಗುಂಡಿ, ಅವನ ಚಪ್ಪಲಿ, ಅವನ "ದಯವಿಟ್ಟು", ಅವನ ಟಿವಿ ಬುದ್ಧಿ, ಇವೆಲ್ಲವನ್ನೂ ಹೀಯಾಳಿಸುವ ಹಕ್ಕು ತನ್ನೊಬ್ಬಳದು; ಅದರಲ್ಲಿ ಇನ್ನೊಬ್ಬರಿಗೆ ಪಾಲು ಕೊಡುವ ಮಾತೇ ಇಲ್ಲ.

ಚಿಕ್ಕಮ್ಮ ಕೇಳಿದರೂ ಸರಿ, ಊರೇ ಕೇಳಿದರೂ ಸರಿ, ಆ ಭಾನುವಾರ ಅಂಗಳದಲ್ಲಿ ನಡೆದದ್ದನ್ನು ಯಾರಿಗೂ ಹೇಳಬಾರದು ಎಂದುಕೊಂಡು, ಅವಳು ಅವನ ಕಾಲ ಮೇಲಿಂದ ತನ್ನ ಕಾಲನ್ನು ನಿಧಾನವಾಗಿ ತೆಗೆದಳು.