ಮನೆತನದ ಸಮಾಧಿ

ಹಲಸೂರಿನ ಆ ಚರ್ಚಿನಲ್ಲಿ ಆರಾಧನೆಯ ನಡುವೆ ಒಬ್ಬರ ಕೈ ಒಬ್ಬರು ಹಿಡಿದು ‘ಸಮಾಧಾನವಿರಲಿ’ ಎಂದು ಹಾರೈಸುವ ಪದ್ಧತಿಯಿದೆ. ಮುಂದಿನ ಬೆಂಚಿನಿಂದ ಹೊರಟ ಸಮಾಧಾನ ಕೊನೆಯ ಬೆಂಚಿಗೆ ಬರುವಷ್ಟರಲ್ಲಿ ಬತ್ತಿಹೋಗುತ್ತಿತ್ತು. ಅಲ್ಲಿ ಕೂರುತ್ತಿದ್ದವರು ಕಸದ ಆಟೋ ಓಡಿಸುವ ಶಿವಪುತ್ರ, ಕಮರ್ಷಿಯಲ್ ಸ್ಟ್ರೀಟ್ ಗುಡಿಸುವ ಅವನವ್ವ ಭೀಮಬಾಯಿ. ಕಲಬುರಗಿ ಕಡೆಯಿಂದ ಬಂದು ಇದೇ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದವರು.

ಒಂದು ಭಾನುವಾರ ಕಮಿಟಿ ಸೆಕ್ರೆಟರಿ ಮಧುಕರ್ ಅವರ ಮಗಳು ಶೀಲಾ ಎದ್ದು ಹಿಂದಕ್ಕೆ ನಡೆದು ಬಂದಳು. ಮೊದಲು ಅವ್ವನ ಕೈ, ಆಮೇಲೆ ಅವನ ಕೈ ಹಿಡಿದಳು.

“ಯಾಕ್ರೀ, ಕೈ ಇಷ್ಟು ತಣ್ಣಗಿದೆ?”

“ನಿಮ್ಮನಿ ಕಸಾ ಎತ್ತಿ ಈಗ ತೊಳಕೊಂಡ್ ಬಂದೀನ್ರೀ.”

“ಹಾಗಾದ್ರೆ ಕೈ ತೊಳ್ಕೋಬೇಕಾದವರು ನಾವು.”

ಅವಳು ಕೆಳತುಟಿ ಕಚ್ಚಿ ನಗು ತಡೆದಳು. ಹಿಡಿದ ಕೈಯನ್ನು ಮಾತ್ರ ಬೇಗ ಬಿಡಲಿಲ್ಲ.

ಅಂದಿನಿಂದ ರಿಚರ್ಡ್ಸ್ ಟೌನಿನ ಮಧುಕರ್ ಅವರ ಮನೆಯ ಕಸದ ಬುಟ್ಟಿ ಕೆಲಸದವಳ ಕೈಯಿಂದ ಶೀಲಾಳ ಕೈಗೆ ಬಂತು.

“ಹಸಿಕಸ, ಒಣಕಸ ಬೇರೆ ಬೇರೆ ಮಾಡಿದೀನಿ, ನೋಡ್ಕೊಳ್ಳಿ.”

“ಬ್ಯಾರೆ ಮಾಡೋದ್ರಾಗ ನಿಮ್ಮ ಮಂದಿ ಭಾಳ ಶಾಣ್ಯಾರಿದ್ದಾರ್ರೀ.”

ಅವಳ ಮುಖ ಕೆಂಪಾಯಿತು. ನೋಟ ಮಾತ್ರ ಗೇಟಿನ ಸರಳುಗಳ ನಡುವಿನಿಂದ ಅವನ ಮೇಲೇ ನಿಂತಿತು. ಅದಕ್ಕಿಂತ ಮುಂದಿನ ಮಾತನ್ನು ಅವನು ನುಂಗಿಕೊಂಡೇ ಆಟೋ ಹತ್ತುತ್ತಿದ್ದ.

ಡೆಂಗಿ ಜ್ವರ ಭೀಮಬಾಯಿಯನ್ನು ಕೊಂಡೊಯ್ದಿತು. ಚರ್ಚಿನ ಸಮಾಧಿ ತೋಟದ ಬಾಗಿಲಲ್ಲಿ ಮಧುಕರ್ ಅಡ್ಡ ನಿಂತರು.

“ಹೊಸ ಗುಂಡಿಗೆ ಜಾಗ ಇಲ್ಲಪ್ಪ. ಹಳೇ ಸಮಾಧಿ ತೆಗೆದು ಅದರಲ್ಲೇ ಇಡ್ಬೇಕು ಅಂದ್ರೆ ಆ ಮನೆತನದವರೇ ಆಗ್ಬೇಕು. ರೂಲ್ಸು. ಊರಿಗೇ ತಗೊಂಡ್ ಹೋಗು, ನಾವು ಪ್ರೇಯರ್ ಮಾಡ್ತೀವಿ.”

“ಯೇಸು ಹೆಸರ ಹಿಡಿದೀವಂತ ಊರವ್ರು ಹೊರಗ ಹಾಕ್ಯಾರ್ರೀ. ನಮ್ಮವ್ವನ್ನ ಎಲ್ಲಿಗಿ ಒಯ್ಯಲಿ?”

ಪರಲೋಕದಲ್ಲಿ ಎಲ್ಲರಿಗೂ ಜಾಗವಿದೆಯೆಂದು ಭಾನುವಾರ ಭಾನುವಾರ ಹಾಡುವ ಬಾಯಿಗಳು ಆರಡಿ ಮಣ್ಣು ಕೇಳಿದ ಕೂಡಲೇ ಮುಚ್ಚಿಕೊಂಡಿದ್ದವು. ಬಿಸಿಲಲ್ಲಿ ನಿಂತ ಆಂಬುಲೆನ್ಸಿನಿಂದ ಐಸು ಕರಗಿ ರಸ್ತೆಗೆ ತೊಟ್ಟಿಕ್ಕುತ್ತಿತ್ತು.

ಶೀಲಾ ಪಾದ್ರಿಗಳ ಮುಂದೆ ಬಂದು ನಿಂತಳು. “ನಮ್ಮಜ್ಜಿ ಸಮಾಧಿ ತೆಗೆಸಿ, ಅಯ್ಯನವರೇ. ಅದನ್ನ ನನಗೆ ಅಂತ ಬಿಟ್ಟುಹೋದ್ರು. ನೀವೇ ಸಾಕ್ಷಿ ಇದ್ರಿ.”

“ಏಯ್ ಶೀಲಾ! ಈಯಮ್ಮ ನಮಗೇನಾಗ್ಬೇಕು?” ಮಧುಕರ್ ಗದರಿದರು.

“ನನಗೆ ಅತ್ತೆ ಆಗ್ಬೇಕು.”

ಆಂಬುಲೆನ್ಸಿನ ಬಾಗಿಲು ಹಿಡಿದಿದ್ದ ಶಿವಪುತ್ರ ಅವಳ ಕಡೆ ತಿರುಗಿದ.

“ಅದು ನಿನ್ ಜಾಗ ಕಣೇ! ನಾಳೆ ನಿನ್ನ ಎಲ್ಲಿ ಮಣ್ಣು ಮಾಡೋದು?”

“ಇವರಿಗೆಲ್ಲಿ ಸಿಗುತ್ತೋ, ಅಲ್ಲಿ.”

“ಇನ್ನು ನಮ್ಮನೆ ಮೆಟ್ಟಿಲು ಹತ್ಬೇಡ.”

ಅವರು ಹೊರಟರು. ಸಭೆಯವರೂ ಒಬ್ಬೊಬ್ಬರಾಗಿ ಚಪ್ಪಲಿಯ ಸದ್ದಾಗದಂತೆ ಹಿಂದೆಯೇ ಜಾರಿಕೊಂಡರು. ಪಾದ್ರಿಗಳು ಪ್ರಾರ್ಥನೆಯ ಪುಸ್ತಕ ತೆರೆದು, ಗುಂಡಿ ತೋಡುವವರಿಗೆ, “ತೆಗೀರಪ್ಪ” ಅಂದರು.

“ನಾ ನಿಮ್ಮನ್ನ ಇನ್ನಾ ಕೇಳೇ ಇಲ್ಲಲ್ರೀ…” ಶಿವಪುತ್ರ ಅವಳ ಹತ್ತಿರ ಬಂದು ಅಂದ.

“ನೀವು ಕೇಳೋವರೆಗೂ ಐಸ್ ತಡೀತಿತ್ತೇನ್ರೀ? ಮೊದ್ಲು ಅವ್ವನ್ನ ಇಳಿಸೋಣ, ಬನ್ನಿ.”

ಕೊನೆಯ ಹಿಡಿ ಮಣ್ಣು ಬಿದ್ದ ಮೇಲೆ ಅವನು ಕೇಳಿದ. ಅವನಿಗೆ ಬಂದದ್ದು ಅಷ್ಟೇ:

“ನಮ್ಮ ರೂಮಿನಾಗ ನಲ್ಲಿ ಇಲ್ರೀ. ನೀರು ದೂರದಿಂದ ಹೊತ್ತು ತರಬೇಕಾಗ್ತದ.”

ಶೀಲಾ ಸೆರಗಿನಿಂದ ಮುಖ ಒರೆಸಿಕೊಂಡಳು.

“ತರೋಣ,” ಅಂದಳು.