ಆಯ್ತಣ್ಣನ ಮುರಿದ ಕೈ

ಬೇಕರಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಆಯ್ತಣ್ಣ ಎಂದೇ. ಏನು ಕೇಳಿದರೂ ‘ಆಯ್ತು’ ಎನ್ನುವ ಬಾಯಿ ಅದು. ಕೇಕಿನ ಮೇಲೆ ಹೂಬಳ್ಳಿ ಬಿಡಿಸುವುದರಲ್ಲಿ ಅವನ ಬಲಗೈಗೆ ಸಾಟಿಯಿರಲಿಲ್ಲ. ಆ ಕೈಯೇ ಅವನಿಗೆ ಮುಳುವಾಗಿತ್ತು. ರಜೆಯ ದಿನವೂ ಯಜಮಾನಿಯಮ್ಮನ ಫೋನು: “ಇದೊಂದೇ ಕೇಕು ಆಯ್ತಣ್ಣ, ನಿಮ್ಮನ್ನ ಬಿಟ್ರೆ ನನಗ್ಯಾರಿದ್ದಾರೆ ಹೇಳಿ?”

ಅಂಥದೊಂದು ಕೇಕಿನ ದೆಸೆಯಿಂದ ಮಗಳ ನಾಟಕ ತಪ್ಪಿತ್ತು. ಅಪ್ಪನನ್ನು ಹುಡುಕುತ್ತ ಹುಡುಕುತ್ತ ರಾಣಿಯ ವೇಷದಲ್ಲಿದ್ದ ಅವಳು ತನ್ನ ಮಾತನ್ನೇ ಮರೆತಳಂತೆ. ಈ ಭಾನುವಾರ ಅದೇ ನಾಟಕ ಮತ್ತೆ ಇತ್ತು. “ನೀನು ಬರ್ಲಿಲ್ಲ ಅಂದ್ರೆ ನಾನು ಸ್ಟೇಜ್ ಹತ್ತಲ್ಲ ಅಪ್ಪಾ,” ಎಂದಿದ್ದಳು. ಅದೇ ಭಾನುವಾರಕ್ಕೆ ಯಜಮಾನಿಯಮ್ಮ ಮೂರಂತಸ್ತಿನ ಮದುವೆ ಕೇಕು ಒಪ್ಪಿಕೊಂಡಿದ್ದರು.

‘ಆಗಲ್ಲ’ ಎನ್ನುವುದಕ್ಕಿಂತ ಕೈ ಮುರಿದುಕೊಳ್ಳುವುದು ಸುಲಭ ಎಂದು ಅವನು ತೀರ್ಮಾನಿಸಿದ. ಅದೂ ನೋವಿಲ್ಲದೆ.

ಔಷಧಿ ಅಂಗಡಿಯವನು ಯಜಮಾನಿಯಮ್ಮನ ತಮ್ಮ. ಅಲ್ಲಿ ಪ್ಲಾಸ್ಟರ್ ಕೊಳ್ಳುವುದು ದಡ್ಡತನ. ಆಯ್ತಣ್ಣ ತನ್ನ ಕಸುಬನ್ನೇ ನಂಬಿದ. ನುಣ್ಣನೆಯ ಸಕ್ಕರೆಪುಡಿಗೆ ಮೊಟ್ಟೆಯ ಬಿಳಿ ಹಾಕಿ ಕಲಸಿದ ಅವನ ಐಸಿಂಗ್ ಒಣಗಿದರೆ ಕಲ್ಲು. ಕೈಗೆ ಬಟ್ಟೆ ಸುತ್ತಿ, ಮೇಲೆ ಅದನ್ನು ಬಳಿದು, ಫ್ಯಾನಿನ ಕೆಳಗೆ ಕೂತ. ತೀರಾ ನಯವಾಗಿ ಬಂತು. ಡಾಕ್ಟರ ಕೆಲಸ ಇಷ್ಟು ಚೆಂದ ಇರುವುದಿಲ್ಲವೆಂದು, ಹೊಟ್ಟೆ ಉರಿದರೂ, ಅಲ್ಲಲ್ಲಿ ಕೆರೆದು ಒರಟು ಮಾಡಿದ. ಸಿಹಿ ವಾಸನೆ ಅಡಗಲೆಂದು ಮೇಲೆ ನೋವಿನ ಮುಲಾಮು ಸವರಿದ. ಕೇಳಿದವರಿಗೆ, ಜಾರಿ ಬಿದ್ದದ್ದು ಬಚ್ಚಲಲ್ಲಿ. ಬಚ್ಚಲಿಗೆ ಯಾರು ಸಾಕ್ಷಿ?

ಹೆಂಡತಿ ಅವನ ಕೈಯನ್ನು ಕೊರಳಿಗೆ ಜೋಲಿಯಾಗಿ ಕಟ್ಟುತ್ತ, “ಒಂದ್ಸಲ ಆಗಲ್ಲ ಅಂದ್ಬಿಡ್ರೀ, ಸಾಕು,” ಎಂದಳು.

“ಅವರ ಮುಖ ನೋಡ್ಕೊಂಡು ಹಾಗನ್ನೋದು ಎಷ್ಟು ಕಷ್ಟ ಅಂತ ನಿಂಗೆ ಗೊತ್ತಿಲ್ಲ ಕಣೇ.”

ಶನಿವಾರ ಯಜಮಾನಿಯಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. “ಅಯ್ಯೋ, ಬಲಗೈನೇ! ಕೂತ್ಕೊಳ್ಳಿ, ಏನೂ ಮುಟ್ಬೇಡಿ.” ತಮ್ಮ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಸಿ, ಕೈಯನ್ನು ಮೇಜಿನ ಮೇಲೆ ಮೆತ್ತಗೆ ಇರಿಸಿ, ಟೀ ತರಿಸಿಕೊಟ್ಟರು. ಆಯ್ತಣ್ಣ ಹದವಾಗಿ ನರಳಿದ. ಪಕ್ಕದ ಬೀದಿಯ ಬೇಕರಿಗೆ ಕೇಕು ಒಪ್ಪಿಸಲು ಅವರು ಫೋನು ಎತ್ತಿಕೊಂಡಾಗ, ಒಳಗೊಳಗೇ ಕುಣಿದಾಡಿದ.

ಮನುಷ್ಯರ ಕಣ್ಣು, ಮೂಗು, ಅನುಮಾನ ಎಲ್ಲವನ್ನೂ ಅವನು ಲೆಕ್ಕ ಹಾಕಿದ್ದ. ಒಲೆಯ ಸೆಕೆಗೆ ಮುಲಾಮು ಆರಿತು, ಕೈ ಬೆವರಿತು. ಯಜಮಾನಿಯಮ್ಮ ನಂಬರ್ ಒತ್ತುತ್ತ ಒತ್ತುತ್ತ ನಿಂತುಬಿಟ್ಟರು. ಗೋಡೆಯ ಬಿರುಕಿನಿಂದ ಮೇಜಿಗೆ, ಮೇಜಿನಿಂದ ಮುರಿದ ಕೈಗೆ, ಇರುವೆಗಳು ಸಾಲುಗಟ್ಟಿ ಹೊರಟಿದ್ದವು. ಅವರು ಬಾಗಿ, ಉಗುರಿನಿಂದ ಒಂದು ಚೂರು ಎಬ್ಬಿಸಿ, ನಾಲಿಗೆಯ ಮೇಲಿಟ್ಟುಕೊಂಡರು. ಆಮೇಲೆ ಫೋನು ಕೆಳಗಿಟ್ಟು, “ಗಟ್ಟಿ ಬಂದಿದೆ. ನಾಳೆಯ ಕೇಕಿಗೂ ಇದನ್ನೇ ಹಾಕಿ, ಬೆಳಿಗ್ಗೆ ಬೇಗ ಬನ್ನಿ,” ಎಂದರು.