ಮಂಜೇಶ್ವರದಿಂದ ಆಚೆಗಿನ ಟಿಕೇಟು

ಪಂಕಜಾಕ್ಷಿ ಟೀಚರ್ ಒಮ್ಮೆ ತಿರುಗಿ ನೋಡಿದರೆ ಓಡುತ್ತಿದ್ದ ಮದ್ರಾಸ್ ಮೈಲ್ ರೈಲೂ ನಿಲ್ಲುತ್ತಿತ್ತು. ನಂಬದಿದ್ದರೆ ಬಿಡಿ, ಈ ಕಥೆಯನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಗೋಕರ್ಣದಿಂದ ಕನ್ಯಾಕುಮಾರಿಯವರೆಗೆ ಇನ್ನೊಬ್ಬರಿಲ್ಲ.

ಆ ನೋಟ ಜಯಪಾಲನ ಮೇಲೆ ಮೊದಲು ಬಿದ್ದದ್ದು ಸಿಟ್ಟಿನಿಂದ.

ಮಂಗಳೂರಿನ ಒಂದು ಕಾಲೇಜು ಕೆಲಸದಲ್ಲಿರುವವರಿಗೆಂದು ಶನಿವಾರ, ಭಾನುವಾರ ಮಧ್ಯಾಹ್ನ ಕಡಿಮೆ ಫೀಸಿನ ತರಗತಿ ತೆರೆದಿತ್ತು. ಮೊಗ್ರಾಲಿನ ಶಾಲೆಯಲ್ಲಿ ಕಲಿಸುತ್ತಿದ್ದ ಅವಳು ಕುಂಬಳೆಯಲ್ಲಿ ರೈಲು ಹತ್ತಿ ಬಂದು ಕುಳಿತಿದ್ದಳಷ್ಟೆ. ಹಿಂದಿನ ಬೆಂಚಿನಿಂದ ಹೊಸಂಗಡಿಯ ಜವಳಿ ಅಂಗಡಿಯ ಜಯಪಾಲ ಎದ್ದ.

"ಸರ್, ಪಾಠ ಮತ್ತೆ ಆಗ್ಲಿ. ರೈಲಿನ ಅರ್ಧ ದರದ ಪಾಸು ಯಾವಾಗ ಸಿಗ್ತದೆ?"

ನೇತ್ರಾವತಿಯ ಸೇತುವೆ ನಡುಗುವಷ್ಟು ನಗು.

ಪಂಕಜಾಕ್ಷಿ ಸಿಟ್ಟಿನಿಂದ ತಿರುಗಿ ನೋಡಿದಳು. 'ಇವನು ಬಂದದ್ದು ಕಲಿಯಲಿಕ್ಕಾ, ರಿಯಾಯಿತಿಗಾ...'

ರಿಯಾಯಿತಿಗೇ ಎಂಬಂತಿತ್ತು. ವಿದ್ಯಾರ್ಥಿಗಳಿಗೆ ಅಗ್ಗವೆಂದು ಕ್ಯಾಂಟೀನಿನ ಚಹಾ ಬತ್ತಿಸಿದ. ಟಾಕೀಸಿನಲ್ಲಿ ಅರ್ಧ ಟಿಕೇಟೆಂದು ತಲೆಬುಡ ತಿಳಿಯದ ಇಂಗ್ಲಿಷ್ ಸಿನೆಮಾಗಳನ್ನೂ ನೋಡಿದ.

ಆದರೆ ಲೈಬ್ರರಿಯಿಂದ ತಂದ ಪುಸ್ತಕವನ್ನು ಅವಳ ಬೆಂಚಿನ ಮೇಲಿಟ್ಟು, "ನೀವು ಹುಡುಕ್ತಿದ್ದದ್ದು ಇದೇ ಅಲ್ವಾ ಟೀಚರ್? ಮೊದಲು ನೀವು ಓದಿ" ಎಂದ.

ಇವನು ಎಂಥವನು? ಅವಳಿಗೆ ತಿಳಿಯಲಿಲ್ಲ...

ಆಮೇಲೆ ಇನ್ನೊಂದು ಗೊಂದಲ. ಹೊಸಂಗಡಿಯ ಮನೆಗೆ ಹೋಗಲು ಮಂಜೇಶ್ವರದಲ್ಲೇ ಇಳಿಯಬೇಕಾದವನು ಮುಸ್ಸಂಜೆ ಕುಂಬಳೆಯ ಪ್ಲಾಟ್‌ಫಾರಂನಲ್ಲಿ, ಕಂಬದ ಮರೆಯಲ್ಲಿ ಕಂಡ. ಒಮ್ಮೆಯಲ್ಲ, ಮತ್ತೆ ಮತ್ತೆ. ಪಾಸು ಇರುವುದು ಮಂಜೇಶ್ವರಕ್ಕೆ. ಹಾಗಾದರೆ ಇದು ಕಳ್ಳ ಪ್ರಯಾಣ!

ಅದೇ ವಾರ ಅವನ ಮನೆಯಿಂದ ಸಂಬಂಧ ಕೇಳಿಕೊಂಡು ಬಂದರು.

"ಎಂತ ಹೇಳ್ಲಿ?" ಎಂದ ಅಣ್ಣ ಹರಿನಾಥ. "ಸೋಮವಾರದೊಳಗೆ ಉತ್ತರ ಕೊಡ್ಬೇಕು."

'ಓದಿದ ಹೆಂಡತಿಯೂ ಅವನಿಗೆ ಕಾಲೇಜಿನ ಇನ್ನೊಂದು ರಿಯಾಯಿತಿಯಾ?' ಅವಳ ಬುದ್ಧಿ ಬೇಡ ಅಂದಿತು. ಮನಸ್ಸು ಮಾತ್ರ ಆ ಪುಸ್ತಕವನ್ನು ಎದೆಗೊತ್ತಿ ಕುಳಿತಿತ್ತು.

ಭಾನುವಾರ ಸಂಜೆ ಕುಂಬಳೆಯ ಗೇಟಿನಲ್ಲಿ ಹೊಸ ಟಿಕೇಟ್ ಕಲೆಕ್ಟರ್ ಜಯಪಾಲನನ್ನು ತಡೆದ. ಹಿಂದೆಯೇ ಅವಳು.

"ನಿನ್ನ ಪಾಸು ಮಂಜೇಶ್ವರಕ್ಕೇ ಮುಗೀತು ಮಾರಾಯ."

ಅವಳ ಕಾಲಡಿಯ ನೆಲ ಅರಬ್ಬೀ ಸಮುದ್ರಕ್ಕೆ ಜಾರಿತು. 'ಇವನಿಗಾ ನಾನು ಹೂಂ ಅನ್ನಲು ಹೊರಟದ್ದು...'

ಜಯಪಾಲ ಜೇಬು ತಡಕಿ ಇನ್ನೊಂದು ಟಿಕೇಟು ತೆಗೆದ. "ಅಲ್ಲಿಂದ ಇಲ್ಲಿಗೆ ಇದುಂಟು. ಪೂರ್ತಿ ದರದ್ದು. ಹೊರಡುವಾಗಲೇ ತೆಗೆದಿಟ್ಟದ್ದು."

"ಇಲ್ಲಿ ಎಂತ ಕೆಲಸ ನಿನಗೆ?"

ಉತ್ತರ ಹೇಳಲು ತಿರುಗಿದವನು ಅವಳನ್ನು ಕಂಡು ಟಿಕೇಟನ್ನು ಬೆನ್ನ ಹಿಂದೆ ಅಡಗಿಸಿದ.

"ಹೇಳಿ" ಎಂದಳು ಅವಳು. "ನನಗೂ ತಿಳೀಬೇಕು."

"ನಿಮ್ಮ ಜೊತೆಗೆ ಬರುವ ದಮಯಂತಿ ಟೀಚರ್ ಮಂಜೇಶ್ವರದಲ್ಲಿ ಇಳಿದ್ರೆ ಹೆಂಗಸರ ಡಬ್ಬಿಯಲ್ಲಿ ನೀವೊಬ್ಬರೇ... ನಿಮ್ಮ ಅಣ್ಣ ಬರುವವರೆಗೆ ನಿಂತು, ಮಂಗಳೂರಿನ ರೈಲಿನಲ್ಲಿ ಮಂಜೇಶ್ವರಕ್ಕೆ ವಾಪಸು ಹೋಗ್ತೇನೆ."

"ಅದಕ್ಕೂ ಟಿಕೇಟಾ?"

"ಅದೂ ಪೂರ್ತಿಯೇ."

"ನನ್ನ ಹತ್ರ ಹೇಳ್ಬಹುದಿತ್ತಲ್ಲ..."

"ಹೇಳಿದ್ರೆ ನೀವು ಕನಿಕರದಿಂದ ಒಪ್ಪೀರಿ ಅಂತ ಹೆದರಿಕೆ. ಇದೊಂದರಲ್ಲಿ ನನಗೆ ರಿಯಾಯಿತಿ ಬೇಡ ಟೀಚರ್."

ದೂರದಲ್ಲಿ ಅಣ್ಣನ ಸೈಕಲ್ ಬೆಲ್ ಕೇಳಿಸಿತು. ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿದಳು.

"ಇನ್ನು ಸ್ವಲ್ಪ ದಿನ ಈ ಟಿಕೇಟು ತೆಗೀರಿ. ಮತ್ತೆ ಬೇಡ."

ಅವನ ಮುಖ ಬಾಡಿತು. "ಯಾಕೆ?"

"ನನ್ನ ಓದು ಮುಗಿಯಲಿಕ್ಕೆ ಇನ್ನೂ ಉಂಟು. ಆದ್ರೆ ಮದುವೆ ಆದ ಮೇಲೆ ನಾನೂ ಮಂಜೇಶ್ವರದಲ್ಲೇ ಇಳಿಯುವುದಲ್ವಾ?"